ಸ್ಟಿರಾಯ್ಡ್ ಬರೆಯುವ ಮುನ್ನ ಮನೆತನದ ಕತೆ ಕೇಳಿ

2011ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನದೇ ಒಂದು ಔಷಧ ಪ್ರಯೋಗದ ಮುಖ್ಯ ಭಾಗವನ್ನು ಅರ್ಧದಲ್ಲೇ ನಿಲ್ಲಿಸಿತು. ಪ್ರಯೋಗದ ಹೆಸರು ಪ್ಯಾಂಥರ್. ಅದರಲ್ಲಿದ್ದವರೆಲ್ಲ ಐಪಿಎಫ್ ರೋಗಿಗಳು. ಅಂದರೆ ಯಾವ ಕಾರಣವೂ ಸಿಗದೆ ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ನಾರುಗಟ್ಟುತ್ತಾ, ಗಟ್ಟಿಯಾಗುತ್ತಾ ಹೋಗುವ ಇಡಿಯೋಪಥಿಕ್ ಪಲ್ಮನರಿ ಫೈಬ್ರೊಸಿಸ್ ಇದ್ದವರು. ಅವರಲ್ಲಿ 77 ಮಂದಿಗೆ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಮಾತ್ರೆಗಳನ್ನು ಒಟ್ಟಿಗೆ ಕೊಡಲಾಗಿತ್ತು. ಇನ್ನು 78 ಮಂದಿಗೆ ಔಷಧದ ಅಂಶವೇ ಇಲ್ಲದ ಹುಸಿ ಮಾತ್ರೆ. ನಡುವೆ ಲೆಕ್ಕ ಹಾಕಿ ನೋಡಿದಾಗ ಔಷಧ ತಿಂದವರಲ್ಲಿ 8 ಸಾವು, ಹುಸಿ ಮಾತ್ರೆ ತಿಂದವರಲ್ಲಿ 1. ಆಸ್ಪತ್ರೆ ಸೇರಿದವರು ಆ ಗುಂಪಿನಲ್ಲಿ 23, ಈ ಗುಂಪಿನಲ್ಲಿ 7.

ಈ ಮೂರರ ಕೂಟ ಯಾರೋ ದಾರಿ ತಪ್ಪಿದ ವೈದ್ಯರು ಕಂಡುಕೊಂಡದ್ದಲ್ಲ. ಸ್ಟಿರಾಯ್ಡಿನ ಜೊತೆ ಅಜಥಯೋಪ್ರಿನ್‌ನಂಥ ಔಷಧ ಕೊಡಬೇಕೆಂದು 2000ದಲ್ಲಿ ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳೇ ಒಮ್ಮತದಿಂದ ಹೇಳಿದ್ದವು. ಜಗತ್ತಿನ ಎಲ್ಲೆಡೆ ಎದೆರೋಗ ತಜ್ಞರು ಒಳ್ಳೆಯ ಉದ್ದೇಶದಿಂದಲೇ ಅದನ್ನು ಬರೆಯುತ್ತಿದ್ದರು. ಹಾಗಿದ್ದೂ ಇಷ್ಟು ಕೇಡಾದದ್ದು ಏಕೆ?

ಉತ್ತರದ ದೊಡ್ಡ ಭಾಗ ಸಿಕ್ಕಿದ್ದು 2019ರಲ್ಲಿ. ಪ್ಯಾಂಥರ್ ಪ್ರಯೋಗದಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳಿಂದ ಸಂಶೋಧಕರು ಪ್ರತಿ ರೋಗಿಯ ಟೆಲೊಮಿಯರ್ ಉದ್ದವನ್ನು ಅಳೆದರು. ವಯಸ್ಸಿಗೆ ಹೋಲಿಸಿದರೆ ಟೆಲೊಮಿಯರ್ ತೀರಾ ಗಿಡ್ಡವಾಗಿದ್ದವರಲ್ಲೇ ಆ ಔಷಧಗಳ ಹಾನಿ ಎದ್ದು ಕಂಡಿತು. ಉಳಿದವರಲ್ಲಿ ಹಾಗಾಗಿರಲಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಒಂದೇ ಥರ ಕಾಣುವ ಇಬ್ಬರಿಗೆ ಒಂದೇ ಚೀಟಿ ಬರೆದರೆ, ಒಬ್ಬನಿಗೆ ಅದು ಬರೀ ನಿರುಪಯೋಗಿ, ಇನ್ನೊಬ್ಬನಿಗೆ ಪ್ರಾಣಾಪಾಯ. ಇದು ತಿಳಿದು ಹಲವು ವರ್ಷಗಳಾದ ಮೇಲೂ ಕರ್ನಾಟಕದ ಯಾವುದೇ ಜಿಲ್ಲಾಸ್ಪತ್ರೆಗೆ ಏದುಸಿರು ಬಿಡುತ್ತಾ ಬರುವ ರೋಗಿಗೆ ಈ ವಿಂಗಡಣೆ ಸಿಗುವ ಹಾದಿ ತೆರೆದಿಲ್ಲ. ಅದು ತೆರೆಯಬೇಕು ಮತ್ತು ತೆರೆಯುವುದು ಕೈಗೆಟಕದ ಕೆಲಸವೇನಲ್ಲ ಎಂಬುದೇ ಈ ಲೇಖನದ ವಾದ.

ಟೆಲೊಮಿಯರ್ ಎಂದರೆ ವರ್ಣತಂತುವಿನ ತುದಿ. ಸೀರೆಯ ಸೆರಗಿಗೆ ಕುಚ್ಚು ಕಟ್ಟದಿದ್ದರೆ ನೂಲು ಬಿಚ್ಚಿಕೊಳ್ಳುವ ಹಾಗೆ, ಈ ತುದಿ ಇಲ್ಲದಿದ್ದರೆ ಡಿಎನ್‌ಎ ಎಳೆ ಬಿಚ್ಚಿಕೊಳ್ಳುತ್ತದೆ, ಬೇರೆ ಎಳೆಗೆ ಅಂಟಿಕೊಳ್ಳುತ್ತದೆ. ಮನುಷ್ಯರಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳು ಸಾವಿರಾರು ಸಲ ಮರುಕಳಿಸಿ ಈ ತುದಿ ಆಗಿದೆ. ಹುಟ್ಟುವಾಗ ಅದರ ಉದ್ದ ಸುಮಾರು 10,000 ಅಕ್ಷರ. ಜೀವಕೋಶ ಒಂದೊಂದು ಸಲ ಇಬ್ಭಾಗವಾದಾಗಲೂ ಸ್ವಲ್ಪ ಸವೆಯುತ್ತದೆ. ಒಂದು ಮಟ್ಟಕ್ಕಿಂತ ಗಿಡ್ಡವಾದರೆ ಆ ಕೋಶ ಇನ್ನು ವಿಭಜನೆಯಾಗುವುದಿಲ್ಲ. ಕೆಲವು ಸಾಯುತ್ತವೆ, ಕೆಲವು ಮುಪ್ಪಾಗಿ ಕುಳಿತು ಅಕ್ಕಪಕ್ಕದ ಕೋಶಗಳಿಗೂ ತೊಂದರೆ ಕೊಡುತ್ತವೆ.

ಸವೆದದ್ದನ್ನು ತುಂಬಿಕೊಡುವ ಟೆಲೊಮರೇಸ್ ಎಂಬ ಕಿಣ್ವದ ಗುರುತು ಮೊದಲು ಸಿಕ್ಕಿದ್ದು 1984ರ ಕ್ರಿಸ್‌ಮಸ್ ದಿನ, ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಕಂಡವರು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್. ಕೊಳದ ನೀರಿನಲ್ಲಿ ಬದುಕುವ ಟೆಟ್ರಹೈಮಿನಾ ಎಂಬ ಏಕಕೋಶ ಜೀವಿಯಲ್ಲಿ ನಡೆಸಿದ ಆ ಹುಡುಕಾಟಕ್ಕಾಗಿ ಇವರಿಬ್ಬರಿಗೆ ಜ್ಯಾಕ್ ಶೊಸ್ಟ್ಯಾಕ್ ಅವರೊಂದಿಗೆ 2009ರ ವೈದ್ಯಕೀಯ ನೊಬೆಲ್ ಬಂತು. ಆಗ ಅವರ ಮನಸ್ಸಿನಲ್ಲಿ ಶ್ವಾಸಕೋಶದ ಕಾಯಿಲೆ ಇರಲಿಲ್ಲ. ಆ ಕೊಂಡಿಯನ್ನು ಗಟ್ಟಿಯಾಗಿ ತೋರಿಸಿದ್ದು 2007ರಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮೇರಿ ಅರ್ಮೇನಿಯಸ್ ಮತ್ತು ಸಂಗಡಿಗರು. ತಲೆಮಾರುಗಳಿಂದ ಫೈಬ್ರೊಸಿಸ್ ಹರಿದುಬಂದ 73 ಕುಟುಂಬಗಳನ್ನು ಅವರು ಪರೀಕ್ಷಿಸಿದರು. ಆರು ಕುಟುಂಬಗಳಲ್ಲಿ ಟೆಲೊಮರೇಸ್ ತಯಾರಿಸುವ ಜೀನ್‌ಗಳಲ್ಲೇ ದೋಷವಿತ್ತು. ಅದೇ ವರ್ಷ ಟೆಕ್ಸಾಸಿನಿಂದ ಕ್ರಿಸ್ಟೀನ್ ಗಾರ್ಸಿಯಾ ಅವರ ತಂಡವೂ ಇದನ್ನೇ ಹೇಳಿತು. ನಂತರ ಆರ್‌ಟೆಲ್-1, ಪಾರ್ನ್, ನ್ಯಾಫ್-1 ಎಂದು ಜೀನ್‌ಗಳ ಪಟ್ಟಿ ಬೆಳೆಯುತ್ತಲೇ ಬಂದಿದೆ.

ಶ್ವಾಸಕೋಶವೇ ಏಕೆ ಸೋಲುತ್ತದೆ? ಗಾಳಿಗೂಡುಗಳ ಒಳಮೈಯಲ್ಲಿ ಟೈಪ್-2 ಎಂಬ ಕೋಶಗಳಿವೆ. ಹೊಗೆ, ಧೂಳು, ಸೋಂಕುಗಳಿಂದ ಗೂಡಿಗೆ ಪೆಟ್ಟಾದಾಗ ಇಬ್ಭಾಗವಾಗಿ ಹೊಸ ಒಳಮೈ ಕಟ್ಟುವ ಹೊಣೆ ಇವುಗಳದ್ದು. ಟೆಲೊಮಿಯರ್ ಮುಗಿದರೆ ಈ ರಿಪೇರಿ ನಿಂತುಹೋಗುತ್ತದೆ. ಹೊಸ ಕೋಶ ಬರಬೇಕಾದ ಜಾಗದಲ್ಲಿ ನಾರು ಬೆಳೆಯುತ್ತದೆ. ಮೆಟ್ಟಿಲು ಹತ್ತಿದರೆ ದಮ್ಮು, ನಿಲ್ಲದ ಒಣಕೆಮ್ಮು, ಸ್ಟೆತಾಸ್ಕೋಪ್ ಇಟ್ಟರೆ ಬೆನ್ನ ಕೆಳಭಾಗದಲ್ಲಿ ಚರಚರ ಸದ್ದು. ಬೀಡಿ ಸಿಗರೇಟು ಸೇದುವವರಲ್ಲಿ ಇದೇ ದೋಷ ಚಿಕ್ಕ ವಯಸ್ಸಿಗೆ ಎಂಫಿಸೀಮಾ ತರಬಹುದು.

ಆದರೆ ದೋಷ ಇರುವುದು ಎದೆಗೂಡಿನೊಳಗೆ ಮಾತ್ರವಲ್ಲ. ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಗ್ಗುತ್ತದೆ. ಕುಡಿತದ ಚಟವೇ ಇಲ್ಲದವರಿಗೆ ಲಿವರ್ ಸಿರೋಸಿಸ್ ಬರುತ್ತದೆ. ಇಪ್ಪತ್ತು ಇಪ್ಪತ್ತೈದಕ್ಕೇ ತಲೆ ಬೆಳ್ಳಗಾಗುತ್ತದೆ. ತಲೆಮಾರು ದಾಟಿದಂತೆ ಕಾಯಿಲೆ ಬೇಗ ಬರುವುದೂ ಇದರ ಲಕ್ಷಣ. ಅಪ್ಪ ಅಮ್ಮನ ಗಿಡ್ಡ ಟೆಲೊಮಿಯರ್ ಮಕ್ಕಳಿಗೆ ಹುಟ್ಟಿನಿಂದಲೇ ಬರುವುದರಿಂದ, ಅಜ್ಜನಿಗೆ ಎಪ್ಪತ್ತರಲ್ಲಿ ಬಂದ ಫೈಬ್ರೊಸಿಸ್ ಮಗಳಿಗೆ ಐವತ್ತರಲ್ಲಿ ಬರಬಹುದು, ಮೊಮ್ಮಗನಿಗೆ ಇಪ್ಪತ್ತರಲ್ಲೇ ಮಜ್ಜೆ ಸೋಲಬಹುದು. ಹೀಗಿದ್ದಾಗ ಅಜ್ಜ ಎದೆರೋಗ ತಜ್ಞರ ಬಳಿ, ಮಗಳು ಲಿವರ್ ತಜ್ಞರ ಬಳಿ, ಮೊಮ್ಮಗ ರಕ್ತರೋಗ ತಜ್ಞರ ಬಳಿ ಹೋಗುತ್ತಾರೆ. ಮೂರು ಫೈಲುಗಳು ಒಂದೇ ಮೇಜಿನ ಮೇಲೆ ಬರುವುದೇ ಇಲ್ಲ.

ಇದು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ, ಕ್ಷಯ ಮತ್ತು ದಮ್ಮಿಗೇ ಹಣ ಸಾಲದ ರಾಜ್ಯಕ್ಕೆ ಇದರ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಫೈಬ್ರೊಸಿಸ್ ರೋಗಿಗಳ ನಡುವೆ ನೋಡಿದರೆ ಇದು ಅಪರೂಪವಲ್ಲ. ಮನೆತನದಲ್ಲಿ ಬೇರೆ ಯಾರಿಗೂ ಕಾಯಿಲೆಯಿಲ್ಲದ ಐಪಿಎಫ್ ರೋಗಿಗಳಲ್ಲೂ ಸುಮಾರು ಕಾಲು ಭಾಗದಷ್ಟು ಜನರ ಟೆಲೊಮಿಯರ್, ಅದೇ ವಯಸ್ಸಿನ ನೂರು ಮಂದಿಯಲ್ಲಿ ಅತಿ ಗಿಡ್ಡವಾದ ಹತ್ತರ ಸಾಲಿಗೆ ಸೇರುತ್ತದೆಂದು 2008ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಭಾರತದ ಸಂಗತಿ ಇನ್ನೂ ಸೂಕ್ಷ್ಮವಾದದ್ದು. 19 ನಗರಗಳ 27 ಕೇಂದ್ರಗಳಿಂದ 1,084 ರೋಗಿಗಳ ಮಾಹಿತಿ ಕಲೆಹಾಕಿದ ರಾಷ್ಟ್ರೀಯ ನೋಂದಣಿಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಪಶ್ಚಿಮದ ದೇಶಗಳಲ್ಲಿ ಐಪಿಎಫ್ ಮುಂದಿದ್ದರೆ, ಇಲ್ಲಿ ಅದರ ಪಾಲು 13.7%. ಮೊದಲ ಸ್ಥಾನದಲ್ಲಿದ್ದದ್ದು, 47.3% ರೋಗಿಗಳಲ್ಲಿದ್ದದ್ದು, ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಅಂದರೆ ಕೂಲರ್‌ಗಳ ಬೂಷ್ಟು, ಪಾರಿವಾಳದ ಹಿಕ್ಕೆ, ಗರಿಗಳಂಥವು ಉಸಿರಿನೊಡನೆ ಒಳಹೋಗಿ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸುವ ಕಾಯಿಲೆ. ಅಂಥ ರೋಗಿಗಳಲ್ಲಿ ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದವರು.

ಈ ಕಾಯಿಲೆಗೆ ಸ್ಟಿರಾಯ್ಡ್ ಕೊಡುವುದು ವಾಡಿಕೆ. ಉರಿಯೂತವೇ ಮುಂದಾಗಿರುವ ಆರಂಭದ ಹಂತದಲ್ಲಿ ಅದು ಸರಿಯಾದ ಚಿಕಿತ್ಸೆಯೂ ಹೌದು. ಎಷ್ಟೋ ಜನರ ಉಸಿರು ಉಳಿಸಿದೆ. ಸಮಸ್ಯೆ ಇರುವುದು ನಾರುಗಟ್ಟಿದ ಹಂತದಲ್ಲಿ. ಅಮೆರಿಕದಲ್ಲಿ ದೀರ್ಘಕಾಲದಿಂದ ಈ ಕಾಯಿಲೆಯಿದ್ದವರ ಜೀನ್ ಪರೀಕ್ಷಿಸಿದಾಗ, ಸರಿಸುಮಾರು ಹತ್ತರಲ್ಲೊಬ್ಬರಿಗೆ ಟೆಲೊಮಿಯರ್ ಸಂಬಂಧಿ ಜೀನ್‌ನಲ್ಲಿ ಅಪರೂಪದ ಬದಲಾವಣೆ ಕಂಡಿತು. ಅಂಥವರ ಆಯುಷ್ಯವೂ ಕಡಿಮೆಯಿತ್ತು. ಮೈಕೋಫೆನೊಲೇಟ್ ಎಂಬ ರೋಗನಿರೋಧಕ ತಗ್ಗಿಸುವ ಮಾತ್ರೆಯಿಂದ ಗಿಡ್ಡ ಟೆಲೊಮಿಯರ್ ಇದ್ದವರಿಗೆ, ಉಳಿದವರಿಗೆ ಸಿಕ್ಕ ಪ್ರಯೋಜನ ಸಿಗಲಿಲ್ಲವೆಂದು ಮುಂದಿನ ಅಧ್ಯಯನಗಳು ಹೇಳಿದವು. ಪಾರಿವಾಳ ಅಥವಾ ಕೂಲರ್ ಕಾರಣವೆಂದು ಗೊತ್ತಾದ ಮಾತ್ರಕ್ಕೆ ಜೀನ್ ಪ್ರಶ್ನೆ ಮುಗಿಯುವುದಿಲ್ಲ. ಒಂದೇ ಮನೆಯಲ್ಲಿ ಒಂದೇ ಗಾಳಿ ಉಸಿರಾಡಿದ ನಾಲ್ವರಲ್ಲಿ ಒಬ್ಬರ ಶ್ವಾಸಕೋಶ ಮಾತ್ರ ಕೆಟ್ಟದ್ದೇಕೆ ಎಂದು ಕೇಳಲೇಬೇಕು. ಈ ರೋಗವೇ ಮುಂದಿರುವ ದೇಶದಲ್ಲಿ ಸ್ಟಿರಾಯ್ಡ್ ಚೀಟಿಗಳೂ ಹೆಚ್ಚು; ಆದ್ದರಿಂದ ವಿಂಗಡಿಸಿ ನೋಡುವ ಅಗತ್ಯವೂ ಹೆಚ್ಚು.

ಮೊದಲ ಹೆಜ್ಜೆಗೆ ಹಣವೇ ಬೇಡ. ಎದೆರೋಗದ ಒಪಿಡಿಯಲ್ಲಿ ಫೈಬ್ರೊಸಿಸ್ ಎಂದು ಗೊತ್ತಾದ ಪ್ರತಿಯೊಬ್ಬರಿಗೂ ಕೆಲವು ಪ್ರಶ್ನೆ ಕೇಳಬೇಕು. ಒಡಹುಟ್ಟಿದವರು, ಅಪ್ಪ ಅಮ್ಮ, ಚಿಕ್ಕಪ್ಪ, ಸೋದರಮಾವಂದಿರಲ್ಲಿ ಯಾರಾದರೂ ದಮ್ಮಿನಿಂದ, ಲಿವರ್ ಕಾಯಿಲೆಯಿಂದ ಅಥವಾ ರಕ್ತ ಕಡಿಮೆಯಾಗಿ ತೀರಿಕೊಂಡರೇ? ಮನೆಯಲ್ಲಿ ಬಾಲನೆರೆ ಇದೆಯೇ? ಉಗುರುಗಳು ಸೀಳಿವೆಯೇ, ಬಾಯಿಯಲ್ಲಿ ಬಿಳಿ ಕಲೆಗಳಿವೆಯೇ? ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಸಾಮಾನ್ಯ ರಕ್ತ ಪರೀಕ್ಷೆಯ ವರದಿಯನ್ನು ಎಚ್ಚರದಿಂದ ಓದಬೇಕು. ಪ್ಲೇಟ್‌ಲೆಟ್ ಕಡಿಮೆಯಾಗಿ, ಕೆಂಪು ರಕ್ತಕಣಗಳ ಗಾತ್ರ ಹಿಗ್ಗಿದ್ದರೆ ಅದೊಂದು ಸುಳಿವು. ಫೈಬ್ರೊಸಿಸ್ ರೋಗಿಗಳಲ್ಲಿ ಹಲವರು ಮೊದಲು ಕ್ಷಯದ ಮಾತ್ರೆ ತಿಂದು ತಿಂಗಳುಗಟ್ಟಲೆ ಕಳೆದುಕೊಂಡು ಬರುವ ದೇಶವಿದು. ಕಫದಲ್ಲಿ ಕ್ಷಯದ ಕ್ರಿಮಿ ಇಲ್ಲ, ಮನೆಯಲ್ಲಿ ಇನ್ನೊಬ್ಬರಿಗೂ ಇಂಥದ್ದೇ ಆಗಿತ್ತು ಎಂದಾಗ ವೈದ್ಯರ ಯೋಚನೆ ಬೇರೆ ದಿಕ್ಕಿಗೆ ಹೊರಳಬೇಕು.

ಕರ್ನಾಟಕಕ್ಕೆ ಇನ್ನೊಂದು ವಿಶೇಷ ಕಾರಣವಿದೆ. ಟೆಲೊಮರೇಸ್ ದೋಷಗಳಲ್ಲಿ ಹೆಚ್ಚಿನವು ತಂದೆ ತಾಯಿಯರಲ್ಲಿ ಒಬ್ಬರಿಂದಲೇ ಬರುತ್ತವೆ. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆದರೆ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದರೆ ಕಾಯಿಲೆ ಮಗುವಿನಲ್ಲೇ ಉಗ್ರವಾಗಿ ಕಾಣಿಸಿಕೊಳ್ಳಬಹುದು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಪದ್ಧತಿ ಇನ್ನೂ ಬಲವಾಗಿರುವ ರಾಜ್ಯದಲ್ಲಿ ಈ ಎರಡನೆಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಎರಡನೆಯ ಹೆಜ್ಜೆ ಪರೀಕ್ಷೆ. ಟೆಲೊಮಿಯರ್ ಉದ್ದವನ್ನು ನಂಬುವಂತೆ ಅಳೆಯುವ ವಿಧಾನ ಫ್ಲೋ-ಫಿಶ್. ಇದಕ್ಕೆ ಬೇಕಾಗುವ ಫ್ಲೋ ಸೈಟೋಮೀಟರ್ ಯಂತ್ರ ರಕ್ತ ಕ್ಯಾನ್ಸರ್ ಪತ್ತೆಗಾಗಿ ದೊಡ್ಡ ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ. ಬೇಕಿರುವುದು ನುರಿತ ಕೈ, ತಾಜಾ ರಕ್ತ ಲ್ಯಾಬ್ ತಲುಪುವ ವ್ಯವಸ್ಥೆ ಮತ್ತು ಮುಖ್ಯವಾಗಿ ಇಲ್ಲಿನ ಆರೋಗ್ಯವಂತರ ಅಳತೆಗಳ ಪಟ್ಟಿ. ಮೂವತ್ತರವನಿಗೆ ಎಷ್ಟು ಉದ್ದ ಸಹಜ, ಅರವತ್ತರವಳಿಗೆ ಎಷ್ಟು ಎಂಬುದು ತಿಳಿಯದೆ ಒಂಟಿ ಸಂಖ್ಯೆಗೆ ಅರ್ಥವಿಲ್ಲ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಜೀನ್ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯಲ್ಲಿ ಅನುಭವವಿರುವ ಮಾನವ ತಳಿವಿಜ್ಞಾನ ಕೇಂದ್ರವಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಅದು ಉತ್ಕೃಷ್ಟತಾ ಕೇಂದ್ರಗಳ ಸಾಲಿನಲ್ಲೂ ಇದೆ. ಇವೆರಡನ್ನು ಜೋಡಿಸಿ, ಕಲಬುರಗಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ತೆಗೆದ ರಕ್ತವನ್ನು ಮರುದಿನ ಪರೀಕ್ಷೆಗೆ ತಲುಪಿಸುವ ಏರ್ಪಾಡು ಮಾಡುವುದು ರಾಜ್ಯದ ಶಕ್ತಿಗೆ ಮೀರಿದ್ದಲ್ಲ.

ಪತ್ತೆಯಾದರೆ ಕೊಡುವುದೇನು? ಇದು ಬಹುಮುಖ್ಯ ಪ್ರಶ್ನೆ. ಕಾಯಿಲೆಯನ್ನು ಹಿಂದಕ್ಕೆ ತಿರುಗಿಸುವ ಔಷಧ ಈಗ ಇಲ್ಲ. ವೇಗ ತಗ್ಗಿಸುವ ಔಷಧಗಳಿವೆ. ಪಿರ್ಫೆನಿಡೋನ್ ಮತ್ತು ನಿಂಟೆಡನಿಬ್ ಎರಡಕ್ಕೂ 2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ದೊರಕಿತು. ನಿಂಟೆಡನಿಬ್‌ನ ಒಂದು ಪ್ರಯೋಗದಲ್ಲಿ ಹುಸಿ ಮಾತ್ರೆ ತಿಂದವರ ಶ್ವಾಸಕೋಶದ ಸಾಮರ್ಥ್ಯ ವರ್ಷಕ್ಕೆ ಸುಮಾರು 240 ಮಿಲಿಲೀಟರ್ ಇಳಿದರೆ, ಔಷಧ ತಿಂದವರಲ್ಲಿ ಇಳಿದದ್ದು 115. ಟೆಲೊಮಿಯರ್ ದೋಷವಿದ್ದವರಿಗೂ ಈ ಔಷಧಗಳನ್ನು ಕೊಡಬಹುದೆಂದು ಯುರೋಪಿನ ಅನುಭವ ಹೇಳುತ್ತದೆ. ಅವರಿಗೆ ಇದರ ಅಗತ್ಯ ಹೆಚ್ಚು, ಏಕೆಂದರೆ ಅವರಲ್ಲಿ ಕುಸಿತವೂ ವೇಗ: 2016ರ ಅಧ್ಯಯನವೊಂದರಲ್ಲಿ ಇಂಥ ರೋಗಿಗಳ ಸಾಮರ್ಥ್ಯ ವರ್ಷಕ್ಕೆ ಸರಾಸರಿ 300 ಮಿಲಿಲೀಟರ್‌ನಷ್ಟು ಇಳಿದಿತ್ತು. ಸ್ಕ್ಯಾನಿನಲ್ಲಿ ಫೈಬ್ರೊಸಿಸ್‌ನ ಯಾವ ಬಗೆ ಕಂಡರೂ ಹೆಚ್ಚುಕಡಿಮೆ ಇದೇ ಗತಿ. ಹಾಗಾಗಿ ‘ಆರು ತಿಂಗಳು ಕಾದು ನೋಡೋಣ’ ಎಂಬ ಸಲಹೆ ಇವರಿಗೆ ಹೊಂದುವುದಿಲ್ಲ. ಆದರೆ ಸರ್ಕಾರದ ವಿಮಾ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಯ ವೆಚ್ಚ ನೋಡಿಕೊಳ್ಳುತ್ತವೆ. ಬದುಕಿರುವಷ್ಟು ದಿನವೂ ಮನೆಯಲ್ಲಿ ನುಂಗಬೇಕಾದ ಮಾತ್ರೆಯ ಖರ್ಚು ರೋಗಿಯ ಜೇಬಿನಿಂದಲೇ ಹೋಗುತ್ತದೆ. ಇದು ಬದಲಾಗಬೇಕು.

ಟೆಲೊಮಿಯರನ್ನೇ ಉದ್ದಗೊಳಿಸುವ ಪ್ರಯತ್ನಗಳೂ ನಡೆದಿವೆ. ಅವುಗಳಲ್ಲಿ ಹೆಚ್ಚು ಭರವಸೆ ಮೂಡಿಸಿದ್ದು ಹಳೆಯ ಔಷಧ ಡಾನಜೋಲ್. ಇದು 1970ರ ದಶಕದಲ್ಲಿ ಮಹಿಳೆಯರ ಎಂಡೊಮೆಟ್ರಿಯೋಸಿಸ್‌ಗಾಗಿ ಬಂದ, ಗಂಡು ಹಾರ್ಮೋನಿನ ಗುಣವುಳ್ಳ ಮಾತ್ರೆ. ಲೈಂಗಿಕ ಹಾರ್ಮೋನುಗಳು ಟೆಲೊಮರೇಸ್ ಜೀನನ್ನು ಎಚ್ಚರಿಸುತ್ತವೆ ಎಂಬುದನ್ನು ಪ್ರಯೋಗಾಲಯದಲ್ಲಿ ಕಂಡ ಅಮೆರಿಕದ ನೀಲ್ ಯಂಗ್ ಅವರ ತಂಡ, ದಿನಕ್ಕೆ 800 ಮಿಲಿಗ್ರಾಂ ಡಾನಜೋಲನ್ನು 27 ರೋಗಿಗಳಿಗೆ ಕೊಟ್ಟು 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡು ವರ್ಷ ಪೂರೈಸಿದ 12 ಮಂದಿಯಲ್ಲಿ 11 ಮಂದಿಯ ಟೆಲೊಮಿಯರ್ ಉದ್ದವಾಗಿತ್ತು. ಹಲವರ ರಕ್ತಕಣಗಳೂ ಚೇತರಿಸಿಕೊಂಡಿದ್ದವು. ಸುದ್ದಿ ಸಂತೋಷದ್ದೇ. ಆದರೆ ಹೋಲಿಸಿ ನೋಡಲು ಹುಸಿ ಮಾತ್ರೆಯ ಗುಂಪು ಅದರಲ್ಲಿರಲಿಲ್ಲ. ಲಿವರ್‌ಗೆ ತೊಂದರೆ, ಸ್ನಾಯು ಸೆಳೆತದಂಥ ಅಡ್ಡಪರಿಣಾಮಗಳೂ ಇದ್ದವು. ಬಸಿರಿನಲ್ಲಿ ಈ ಔಷಧ ತೆಗೆದುಕೊಳ್ಳುವಂತೆಯೇ ಇಲ್ಲ. ಆದ್ದರಿಂದಲೇ ಆಸ್ಟ್ರೇಲಿಯಾದ ವೈದ್ಯರು ಟೆಲೊ-ಸ್ಕೋಪ್ ಎಂಬ ಹೆಸರಿನಲ್ಲಿ, ಗಿಡ್ಡ ಟೆಲೊಮಿಯರ್‌ನ ಫೈಬ್ರೊಸಿಸ್ ರೋಗಿಗಳಲ್ಲೇ ಡಾನಜೋಲನ್ನು ಹುಸಿ ಮಾತ್ರೆಯೊಡನೆ ಹೋಲಿಸುವ ಪ್ರಯೋಗ ಕೈಗೊಂಡರು. ಡಾನಜೋಲ್ ಭಾರತದ ಔಷಧ ಅಂಗಡಿಗಳಲ್ಲಿ ಸಿಗುತ್ತದೆ, ರಕ್ತರೋಗ ತಜ್ಞರು ಅದನ್ನು ಬಳಸುತ್ತಲೂ ಇದ್ದಾರೆ. ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಶ್ವಾಸಕೋಶಕ್ಕೂ ಬರೆದುಬಿಡುವ ಬದಲು, ಇಲ್ಲಿನ ಬೋಧನಾ ಆಸ್ಪತ್ರೆಗಳು ಇಂಥ ಪ್ರಯೋಗಗಳಲ್ಲಿ ಪಾಲುದಾರರಾಗಬೇಕು.

‘ಟೆಲೊಮಿಯರ್ ಉದ್ದ ಮಾಡಿ ಯೌವನ ಉಳಿಸುತ್ತೇವೆ’ ಎಂದು ಪುಡಿ, ಮಾತ್ರೆ ಮಾರುವವರಿಂದ ರೋಗಿಗಳನ್ನು ಕಾಪಾಡುವುದೂ ಇದೇ ಕೆಲಸದ ಭಾಗ. ಬಹುಪಾಲು ಕ್ಯಾನ್ಸರ್ ಕೋಶಗಳು ಟೆಲೊಮರೇಸನ್ನು ಮತ್ತೆ ಚಾಲೂ ಮಾಡಿಕೊಂಡೇ ಕೊನೆಯಿಲ್ಲದೆ ಬೆಳೆಯುತ್ತವೆ. ಹುಟ್ಟಿನಿಂದ ಅತಿ ಉದ್ದದ ಟೆಲೊಮಿಯರ್ ಇರುವ ಕುಟುಂಬಗಳಲ್ಲಿ ಗೆಡ್ಡೆಗಳು, ರಕ್ತದ ಅಸಹಜತೆಗಳು ಹೆಚ್ಚೆಂದು ಜಾನ್ಸ್ ಹಾಪ್ಕಿನ್ಸ್ ತಂಡವೇ 2023ರಲ್ಲಿ ತೋರಿಸಿದೆ.

ಎಲ್ಲ ಔಷಧ ಸೋತಾಗ ಉಳಿಯುವುದು ಶ್ವಾಸಕೋಶ ಕಸಿ. ಜೀವಸಾರ್ಥಕತೆ ಸಂಸ್ಥೆಯ ಮೂಲಕ ಅಂಗದಾನ ನಡೆಯುವ ಕರ್ನಾಟಕದಲ್ಲೂ ಅದಕ್ಕೆ ಅವಕಾಶವಿದೆ. ಟೆಲೊಮಿಯರ್ ರೋಗಿಗಳಿಗೆ ಕಸಿ ಮಾಡಬಾರದು ಎಂದೇನಿಲ್ಲ. ಆದರೆ ಕಸಿಯಾದ ಮೇಲೆ ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಕೊಡುವ ಔಷಧಗಳು ಮೊದಲೇ ಬಡವಾದ ಅಸ್ಥಿಮಜ್ಜೆಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಬಿಳಿ ರಕ್ತಕಣ ಇಳಿಯುತ್ತದೆ, ಸೈಟೊಮೆಗಲೊ ವೈರಸ್‌ನಂಥ ಸೋಂಕು ಪದೇ ಪದೇ ಬರುತ್ತದೆ, ಆ ಸೋಂಕಿನ ಔಷಧವೂ ಮತ್ತೆ ಮಜ್ಜೆಗೇ ಪೆಟ್ಟು ಕೊಡುತ್ತದೆ. ಮೊದಲೇ ತಿಳಿದಿದ್ದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ರಕ್ತರೋಗ ತಜ್ಞರನ್ನು ಜೊತೆಗಿಟ್ಟುಕೊಳ್ಳುತ್ತಾರೆ, ಲಿವರ್ ಸ್ಥಿತಿ ನೋಡಿಯೇ ಮುಂದುವರಿಯುತ್ತಾರೆ. ತಂಗಿ ಅಥವಾ ಅಣ್ಣ ಅಸ್ಥಿಮಜ್ಜೆ ದಾನಕ್ಕೆ ಮುಂದಾದಾಗಲೂ ಹೀಗೆಯೇ: ಅದೇ ದೋಷ ದಾನಿಯಲ್ಲೂ ಇದ್ದರೆ ಆ ಮಜ್ಜೆಯಿಂದ ರೋಗಿಗೆ ಪ್ರಯೋಜನವಿಲ್ಲ.

ಪರೀಕ್ಷೆಯ ಮಾತು ಬಂದಾಗ ಕುಟುಂಬಗಳು ಹಿಂಜರಿಯುವುದು ಸಹಜ. ಮಗಳ ಮದುವೆ ನಿಂತುಹೋದೀತು, ಕೆಲಸಕ್ಕೆ ಕುತ್ತು ಬಂದೀತು, ವಿಮೆ ಸಿಗದೆ ಹೋದೀತು ಎಂಬ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಜೀನ್ ಆಧಾರದ ಮೇಲೆ ಕೆಲಸ ಮತ್ತು ಆರೋಗ್ಯ ವಿಮೆಯಲ್ಲಿ ತಾರತಮ್ಯ ಮಾಡುವುದನ್ನು ಅಮೆರಿಕ 2008ರಲ್ಲೇ ಕಾನೂನಿನ ಮೂಲಕ ತಡೆಯಿತು. ಭಾರತದಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಪರೀಕ್ಷೆಗೆ ಮುಂಚೆ ಕನ್ನಡದಲ್ಲಿ ಬಿಡಿಸಿ ಹೇಳುವ ಸಮಾಲೋಚಕರು, ವರದಿಯ ಗೋಪ್ಯತೆಯ ಖಾತರಿ, ಬೇಡವೆನ್ನುವ ಹಕ್ಕು ಇವು ಲ್ಯಾಬಿನ ಯಂತ್ರದಷ್ಟೇ ಅಗತ್ಯ.

ಆರೋಗ್ಯ ಇಲಾಖೆ ಈ ವರ್ಷವೇ ಶುರು ಮಾಡಬಹುದಾದ ಕೆಲಸಗಳಿವೆ. ವೈದ್ಯಕೀಯ ಕಾಲೇಜುಗಳ ಎದೆರೋಗ ವಿಭಾಗಗಳಲ್ಲಿ ಫೈಬ್ರೊಸಿಸ್ ರೋಗಿಯ ದಾಖಲೆಗೆ ವಂಶದ ಚರಿತ್ರೆಯ ಒಂದು ಪುಟ ಸೇರಿಸಲಿ. ನಾರುಗಟ್ಟಿದ ಶ್ವಾಸಕೋಶಕ್ಕೆ ದೀರ್ಘಕಾಲ ಸ್ಟಿರಾಯ್ಡ್ ಅಥವಾ ಮೈಕೋಫೆನೊಲೇಟ್ ಆರಂಭಿಸುವ ಮುನ್ನ ಎದೆರೋಗ, ರಕ್ತರೋಗ, ಲಿವರ್ ತಜ್ಞರು ಒಟ್ಟಿಗೆ ಕುಳಿತು ನಿರ್ಧರಿಸುವ ಪದ್ಧತಿ ಬರಲಿ. ಈಗಾಗಲೇ ಸ್ಟಿರಾಯ್ಡ್ ನುಂಗುತ್ತಿರುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು; ಹಠಾತ್ತನೆ ಬಿಟ್ಟರೆ ಜೀವಕ್ಕೇ ಅಪಾಯ, ಚೀಟಿ ಹಿಡಿದು ವೈದ್ಯರನ್ನೇ ಕೇಳಬೇಕು. ದೋಷ ಖಚಿತವಾದ ಮನೆಗಳಲ್ಲಿ ಇನ್ನೂ ಕೆಮ್ಮು ಬಾರದ ಒಡಹುಟ್ಟಿದವರಿಗೂ ಮಕ್ಕಳಿಗೂ ಬೀಡಿ ಸಿಗರೇಟು ಬಿಡಲು ನೆರವು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಕಾಲಕಾಲಕ್ಕೆ ಉಸಿರಾಟದ ಪರೀಕ್ಷೆ, ರಕ್ತಕಣಗಳ ಎಣಿಕೆ, ಲಿವರ್ ತಪಾಸಣೆ ಸಿಗಲಿ. ಇವೆಲ್ಲ ಇಂದೂ ಲಭ್ಯವಿರುವ ಸೇವೆಗಳೇ. ಯಾರಿಗೆ ಬೇಕೆಂದು ಗುರುತಿಸುವ ಕೆಲಸವೊಂದೇ ಬಾಕಿ ಇದೆ.